ಮಾವನ ಮೊಣಕಾಲು, ನನ್ನ ಹೆಸರಿನಲ್ಲಿ

ನನ್ನ ಮೊಣಕಾಲುಗಳಲ್ಲಿ ಯಾವ ದೋಷವೂ ಇಲ್ಲವೆಂದು ಡಾಕ್ಟರೊಬ್ಬರು ಖುದ್ದಾಗಿ ಮುಟ್ಟಿ, ಮಡಿಸಿ, ಚಾಚಿ ನೋಡಿ ಹೇಳಿದ್ದಾರೆ. ಓದಿಕೊಂಡವರೊಬ್ಬರು ನನ್ನ ಬಗ್ಗೆ ಇದುವರೆಗೆ ಆಡಿರುವ ಒಳ್ಳೆಯ ಮಾತು ಅದೊಂದೇ. ಅದೂ ನನಗೆ ಸಿಕ್ಕಿದ್ದು ನನ್ನ ಮಾವನ ನೋವಿಗೆ ಮದ್ದು ಕೇಳಲು ಹೋದಾಗ. ಆ ಒಂದು ಒಳ್ಳೆಯ ಮಾತಿನಿಂದ ನನಗೆ ಏನು ಗತಿ ಬಂತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಮಾವ.

ಮಾವನೆಂದರೆ ನನ್ನ ಅಮ್ಮನ ಅಣ್ಣ. ಪೇಟೆಬೀದಿಯ ಚಪ್ಪಲಿ ಅಂಗಡಿಯಲ್ಲಿ ಹಿರಿಯ ಸೇಲ್ಸ್‌ಮನ್. ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಅಂಗಡಿಗೆ ಸೇರಿದವರು ಮೀಸೆಗೆ ಬಣ್ಣ ಹಚ್ಚುವ ವಯಸ್ಸಿಗೆ ಬಂದರೂ ಅಂಗಡಿ ಬದಲಾಯಿಸಿಲ್ಲ. ಡಿಗ್ರಿ ಮುಗಿಸಿ, ಮನೆಯ ಸೋಫಾಕ್ಕೆ ನನ್ನ ಮೈಯ ಅಚ್ಚು ಮೂಡುವಷ್ಟು ಕಾಲ ಮಲಗಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ. ಸಂದರ್ಶನದ ದಿನ ಯಜಮಾನರು ನನ್ನ ಅಂಕಪಟ್ಟಿಯ ಮುಂಬದಿ ನೋಡಿದರು, ಅಲ್ಲೇನೂ ಸಿಗದೆ ಮಗುಚಿ ಹಿಂಬದಿಯನ್ನೂ ನೋಡಿದರು.

"ಏಣಿ ಹತ್ತೋಕೆ ಬರುತ್ತಾ?"

"ಬರುತ್ತೆ ಸಾರ್."

"ಇಳಿಯೋಕೆ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ಇಳಿಯೋದು ಅವನಿಗೆ ಹುಟ್ಟಿನಿಂದ ಬಂದಿದೆ ಸಾರ್, ಒಂದನೇ ಕ್ಲಾಸಿಂದ ಇಳೀತಾನೇ ಇದಾನೆ."

ಕೆಲಸ ಸಿಕ್ಕಿತು. ನಾನು 'ಮಾವ' ಎಂದು ಕೂಗುವುದನ್ನು ಕೇಳಿ ಕೇಳಿ ಅಂಗಡಿಯವರೆಲ್ಲ ಅವರನ್ನು ಮಾವ ಎನ್ನತೊಡಗಿದರು. ಯಜಮಾನರು ಮಾತ್ರ 'ಅಂಕಲ್' ಅನ್ನುತ್ತಾರೆ. ಅಪ್ಪನಿಂದ ಅಂಗಡಿಯ ಜೊತೆಗೆ ಮಾವನನ್ನೂ ಪಡೆದವರು ಅವರು. ಬೀರು, ಕನ್ನಡಿ, ಮಾವ: ಮೂರನ್ನೂ ಒಂದೇ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಅಂದರೆ ವರ್ಷಕ್ಕೊಮ್ಮೆ ಧೂಳು ಹೊಡೆಸುತ್ತಾರೆ.

ಮಾವನ ಖ್ಯಾತಿಯೆಲ್ಲ ನಿಂತಿದ್ದುದು ಅವರ ಮೊಣಕಾಲಿನ ಮೇಲೆ. ಗಿರಾಕಿ ಕುರ್ಚಿಯಲ್ಲಿ ಕುಳಿತನೋ ಇಲ್ಲವೋ, ಮಾವ ಬಲಮೊಣಕಾಲನ್ನು ನೆಲಕ್ಕೆ ಊರಿ, ಎಡತೊಡೆಯ ಮೇಲೆ ಬಿಳಿಯ ಬಟ್ಟೆ ಹಾಸಿ, ಗಿರಾಕಿಯ ಪಾದವನ್ನು ಎತ್ತಿ ಅದರ ಮೇಲಿಟ್ಟುಕೊಳ್ಳುತ್ತಿದ್ದರು. ಬೇರೆಯವರು ಸಂಕಟ ಬಂದಾಗ ಮಾತ್ರ ಇನ್ನೊಬ್ಬರ ಕಾಲು ಹಿಡಿಯುತ್ತಾರೆ. ಮಾವ ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ನಗುನಗುತ್ತಾ ಹಿಡಿಯುತ್ತಿದ್ದರು. ಕಿಟಕಿಯ ಪಕ್ಕದ ಮೆತ್ತನೆಯ ಕುರ್ಚಿಗೆ 'ಮುಂದಿನ ಕುರ್ಚಿ' ಎಂದು ಹೆಸರು. ದೊಡ್ಡ ಗಿರಾಕಿಗಳೆಲ್ಲ ಅಲ್ಲೇ ಕೂರುವುದು, ಅದರ ಮುಂದಿನ ನೆಲ ಮಾವನ ಸ್ವಂತ ಜಾಗ. ಅಲ್ಲಿ ನಾನೊಮ್ಮೆ ಮಂಡಿಯೂರಲು ಹೋದಾಗ, "ಲೋ, ಅದು ಮಂಡಿಯೂರೋ ಥರಾನಾ? ಕಳೆದುಹೋದ ಗುಂಡಿ ಹುಡುಕ್ತಿದೀಯಾ?" ಎಂದು ಗಿರಾಕಿಯ ಎದುರೇ ನನ್ನ ಮಾನ ಹರಾಜು ಹಾಕಿದ್ದರು.

ಒಂದು ಕಾಲದಲ್ಲಿ ಅಂಗಡಿಯಲ್ಲಿ ಸ್ಟೂಲುಗಳಿದ್ದವಂತೆ. ಹಿಂದೆ ಸೇಲ್ಸ್‌ಮನ್ ಕೂರುವ ಜಾಗ, ಮುಂದೆ ಗಿರಾಕಿ ಪಾದ ಇಡಲು ಇಳಿಜಾರಾದ ಹಲಗೆ. ಆಗಿನ ಹಿರಿಯ ಸೇಲ್ಸ್‌ಮನ್ ಅದರ ಮೇಲೆ ಕೂತೇ ಕೆಲಸ ಮಾಡುತ್ತಿದ್ದರು. ಹರೆಯದ ಮಾವ ಅವರನ್ನು ನೋಡಿ, "ಏನಣ್ಣ, ಹಾಲು ಕರೆಯೋಕೆ ಕೂತಿದೀರಾ? ಪಾತ್ರೆ ಎಲ್ಲಿ?" ಎಂದು ಗೇಲಿ ಮಾಡುತ್ತಿದ್ದರಂತೆ. ಗೇಲಿಗೆ ಅಂಗಡಿ ನಕ್ಕಿತು, ದೊಡ್ಡ ಯಜಮಾನರೂ ನಕ್ಕರು, ನಕ್ಕ ಮೇಲೆ ಸ್ಟೂಲುಗಳನ್ನು ಗೋಡೌನಿಗೆ ಹಾಕಿಸಿದರು. ಅಂದಿನಿಂದ ಮಂಡಿಯೂರುವುದು ಅಂಗಡಿಯ ಕಾನೂನಾಯಿತು. ಈಗಿನ ಯಜಮಾನರು ಹೊಸಬರಿಗೆಲ್ಲ ಅದನ್ನೇ ಬೋಧಿಸುತ್ತಾರೆ: "ಗಿರಾಕಿ ಮುಂದೆ ಮಂಡಿಯೂರದವನು ಸೇಲ್ಸ್‌ಮನ್ನೇ ಅಲ್ಲ." ಗಲ್ಲಾದ ಹಿಂದಿನ ಗಾಲಿಯಿರುವ ಮೆತ್ತನೆ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತು ಅವರು ಈ ಮಾತು ಹೇಳುವುದನ್ನು ಕೇಳಿದರೆ ಯಾರಿಗಾದರೂ ಕಣ್ಣು ತೇವವಾಗಬೇಕು.

ಮಂಡಿಯೂರಲಾಗದವರಿಗೆ ಗೋಡೌನು. ಅದಿರುವುದು ಅಂಗಡಿಯ ಮೇಲೆ, ಅಟ್ಟದಂಥ ಕತ್ತಲ ಕೋಣೆಯಲ್ಲಿ. ಕಡಿದಾದ ಮರದ ಮೆಟ್ಟಿಲು ಹತ್ತಿ, ಪೆಟ್ಟಿಗೆ ಇಳಿಸಿ, ಮತ್ತೆ ಹತ್ತಬೇಕು. ಬೆಲ್ಟು ಮಾರುತ್ತಿದ್ದ ಒಬ್ಬರಿಗೆ ಮಂಡಿನೋವು ಬಂತೆಂದು ಯಜಮಾನರು ಕರುಣೆಯಿಂದ ಗೋಡೌನಿಗೆ ಹಾಕಿದ್ದರು. ಮಂಡಿನೋವಿಗೆ ಮೆಟ್ಟಿಲು ಎಂಬ ಈ ಚಿಕಿತ್ಸೆ ಯಜಮಾನರ ಸ್ವಂತ ಸಂಶೋಧನೆ. ಕೆಲವೇ ವಾರಗಳಲ್ಲಿ ಬೆಲ್ಟಿನವರು ಕೆಲಸವನ್ನೇ ಬಿಟ್ಟು ಮನೆ ಸೇರಿದರು.

ಹೀಗಿರುವಾಗ ಮಾವನ ಬಲಮೊಣಕಾಲು ನೋಯತೊಡಗಿತು.

ಮೊದಲು ಗೊತ್ತಾಗಿದ್ದು ನನಗಲ್ಲ, ಅವರ ಚಪ್ಪಲಿಗಳಿಗೆ. ಮಾವನ ಪ್ರಪಂಚದಲ್ಲಿ ತಲೆನೋವು ಬಿಟ್ಟು ಮಿಕ್ಕೆಲ್ಲ ನೋವಿಗೂ ಕಾರಣ ಪಾದರಕ್ಷೆ. ಸೊಂಟ ಹಿಡಿದವರು ಬಂದರೆ ಹಿಮ್ಮಡಿ ಎತ್ತರ ಸರಿಯಿಲ್ಲ ಎನ್ನುತ್ತಿದ್ದರು. ಸಂಸಾರ ಸರಿಯಿಲ್ಲ ಎಂದವರಿಗೂ ಶೂ ಒಳಗಿಡುವ ಒಂದು ಒಳಹಾಸು ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ತಮ್ಮ ಮೊಣಕಾಲಿಗೂ ಅದೇ ತನಿಖೆ ನಡೆಸಿದರು. ಮೆತ್ತನೆ ಅಟ್ಟೆ, ಗಟ್ಟಿ ಅಟ್ಟೆ, ಕ್ಯಾನ್ವಾಸು, ಚರ್ಮ, ಓಡುವವರ ಶೂ, ಕೊನೆಗೆ ದಾದಿಯರು ಹಾಕುವ ಬಿಳಿಯ ಚಪ್ಪಲಿ: ಒಂದೊಂದು ವಾರ ಒಂದೊಂದು. ಪ್ರತಿ ಸೋಮವಾರ "ಸಿಕ್ಕ ಕಣೋ ಕಳ್ಳ" ಅನ್ನುತ್ತಿದ್ದರು, ಗುರುವಾರದ ಹೊತ್ತಿಗೆ ಕಳ್ಳ ಪರಾರಿ. "ಈಗಿನ ಕಂಪನಿಗಳಿಗೆ ಅಟ್ಟೆಗೆ ಅಂಟು ಹಾಕೋಕೇ ಬರಲ್ಲ" ಎಂದು ಕಂಪನಿಗಳಿಗೆ ಶಾಪ ಹಾಕುತ್ತಿದ್ದರು.

ಇದರ ನಡುವೆ ಒಂದು ವಿಚಿತ್ರ ನಡೆಯಿತು. ಮಾವನ ವ್ಯಾಪಾರ ಏರಿತು. ಮಂಡಿಯೂರಿದ ಮೇಲೆ ಏಳುವುದು ಕಷ್ಟವಾದಾಗ ಅವರು ಏಳುವ ಗಳಿಗೆಯನ್ನು ಮುಂದೂಡತೊಡಗಿದ್ದರು. ಶೂ ಹಾಕಿಸಿ ಆಯಿತು, ಇನ್ನು ಏಳಬೇಕು. ಏಳಲು ಧೈರ್ಯವಿಲ್ಲ. "ಸಾರ್, ಈ ಶೂಗೆ ನಿಮ್ಮ ಸಾಕ್ಸು ಹೊಂದಲ್ಲ." ಸಾಕ್ಸು ಬಂತು. ಇನ್ನೂ ಧೈರ್ಯ ಬಂದಿಲ್ಲ. "ಪಾಲಿಶು ಯಾವುದು ಹಾಕ್ತೀರಿ?" ಪಾಲಿಶು ಬಂತು, ಬ್ರಷ್ಷು ಬಂತು, ಒಳಹಾಸು ಬಂತು. ಹೀಗೆ ನೋವು ಹೆಚ್ಚಿದ ದಿನ ಗಿರಾಕಿಯ ಚೀಲವೂ ದಪ್ಪ. ಯಜಮಾನರು ಗಲ್ಲಾದಿಂದಲೇ, "ನೋಡಿ ಕಲೀರೋ ಅಂಕಲ್‌ನ ನೋಡಿ! ಗಿರಾಕಿ ಕಾಲು ಬಿಡೋದೇ ಇಲ್ಲ" ಅನ್ನುತ್ತಿದ್ದರು. ಬಿಟ್ಟರೆ ಬೀಳುತ್ತಾರೆ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಏಳುವಾಗ ಅವರು ನನ್ನ ಹೆಗಲನ್ನು ಹಿಡಿಯುತ್ತಿದ್ದರು, ಹಿಡಿದ ಮೇಲೆ ಅಳಿಯನ ಮೇಲಿನ ಅಕ್ಕರೆ ಎಂಬಂತೆ ಎರಡು ಸಲ ತಟ್ಟುತ್ತಿದ್ದರು. ನನ್ನ ಹೆಗಲು ನನ್ನ ಅಂಕಪಟ್ಟಿಗಿಂತ ಉಪಯೋಗಕ್ಕೆ ಬಂತು.

ಒಂದು ದಿನ ಊಟದ ಬಿಡುವಿನಲ್ಲಿ ಮಾವ ನನ್ನನ್ನು ಪೆಟ್ಟಿಗೆಗಳ ಮರೆಗೆ ಎಳೆದರು.

"ಹಬ್ಬದ ಸೀಸನ್ ಶುರು ಆಗೋಕೆ ಮುಂಚೆ ಯಜಮಾನ್ರು ಜಾಗ ಬದಲಾಯಿಸ್ತಾರಂತೆ. ಯಾರು ಮುಂದೆ, ಯಾರು ಮೇಲೆ ಅಂತ. ನನ್ನ ಮಂಡಿ ವಿಷಯ ಗೊತ್ತಾದ್ರೆ ನಾನು ಮೇಲೆ. ಮೇಲೆ ಹೋದೋನು ಆಮೇಲೆ ಮನೆಗೆ."

"ಹಾಗಾದ್ರೆ ಡಾಕ್ಟ್ರ ಹತ್ರ ಹೋಗಿ ಮಾವ."

"ಎದುರುಗಡೆ ಕ್ಲಿನಿಕ್ಕಿಗಾ? ಗಲ್ಲಾದಲ್ಲಿ ಕೂತ್ರೆ ಅದರ ಬಾಗಿಲೇ ಕಾಣೋದು."

"ಬೇರೆ ಬೀದಿಗೆ ಹೋಗಿ."

"ಲೋ, ಈ ಊರಲ್ಲಿ ನಾನು ಕಾಲು ಹಿಡಿಯದೆ ಇರೋ ಡಾಕ್ಟ್ರು ಯಾರಿದಾರೋ? ಅವರ ಕಾಲು ನಾನು ನೋಡೋದು. ನನ್ನ ಕಾಲು ಅವರು ನೋಡೋದಾ? ನೀನು ಹೋಗು."

"ನಾನಾ?"

"ಎದುರುಗಡೆ ಹೊಸ ಡಾಕ್ಟ್ರಮ್ಮ ಬಂದಿದಾರೆ. ನೋವು ನಿಂದೇ ಅಂತ ಹೇಳು. ಔಷಧಿ ಬರೆಸ್ಕೊಂಡು ಬಾ. ಹೆಂಗೆ ನೋಯುತ್ತೆ, ಏನು ಅಂತ ಎಲ್ಲ ನಾನು ಹೇಳಿಕೊಡ್ತೀನಿ."

ಯಾರಾದರೂ ಬುದ್ಧಿ ಇರುವವರು ಆಗಲ್ಲ ಅನ್ನುತ್ತಿದ್ದರು. ನಾನು ಬಾಯಿಪಾಠ ಮಾಡಿದೆ.

ಕ್ಲಿನಿಕ್ಕಿನ ಬಾಗಿಲಲ್ಲೇ ಕುಂಟತೊಡಗಿದೆ. ಡಾಕ್ಟರಮ್ಮ ಏನೋ ಬರೆಯುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು.

"ಯಾವ ಕಾಲು?"

"ಬಲಗಾಲು ಮೇಡಂ."

"ಕುಂಟಿದ್ದು ಎಡಗಾಲು."

"ಅದು… ಬಲಗಾಲಿಗೆ ಭಾರ ಬೀಳ್ಬಾರದು ಅಂತ."

"ಈಗ ಬಲಗಾಲಿನ ಮೇಲೇ ನಿಂತಿದೀರಲ್ಲಪ್ಪ."

ನಾನು ಕೂತುಬಿಟ್ಟೆ. ಅವರು ಪ್ರಶ್ನೆ ಶುರು ಮಾಡಿದರು, ನಾನು ಮಾವನ ಪಾಠ ಒಪ್ಪಿಸಿದೆ. ಬೆಳಿಗ್ಗೆ ಎದ್ದಾಗ ಬಿಗಿತ ಇರುತ್ತಾ? ಇರುತ್ತೆ, ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಸಡಿಲ ಆಗುತ್ತೆ. ಕೂತು ಎದ್ದಾಗ? ಮೊದಲ ಹೆಜ್ಜೆಗಳು ಕಷ್ಟ, ಆಮೇಲೆ ಪರವಾಗಿಲ್ಲ. ಮೆಟ್ಟಿಲು? ಹತ್ತೋದಕ್ಕಿಂತ ಇಳಿಯೋದು ನರಕ. ಕೆಲಸ ಮಾಡಿದಷ್ಟೂ ನೋವು, ಕೂತರೆ ಕಡಿಮೆ. ಮಡಿಸಿದರೆ ಕಟಕಟ ಸದ್ದು. ಡಾಕ್ಟರಮ್ಮನ ಹುಬ್ಬು ಪ್ರತಿ ಉತ್ತರಕ್ಕೂ ಒಂದೊಂದು ಮೆಟ್ಟಿಲು ಏರುತ್ತಿತ್ತು.

"ಇದು ಐವತ್ತು ದಾಟಿದವರು ಹೇಳೋ ಕಥೆ. ಪ್ಯಾಂಟು ಮೇಲಕ್ಕೆ ಮಡಚಿ ನೋಡೋಣ."

ಅವರು ನನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟು ಮಡಿಸಿದರು, ಚಾಚಿದರು, ಮತ್ತೆ ಮಡಿಸಿದರು. ಕಟ ಅನ್ನಲಿಲ್ಲ, ಕಿಟ ಅನ್ನಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಮೊಣಕಾಲಿನ ಮೇಲೆ ನನಗೆ ಸಿಟ್ಟು ಬಂತು.

"ಬೆಣ್ಣೆ ಹಾಗಿದೆ. ಏನೂ ಆಗಿಲ್ಲ. ತೊಡೆಯಲ್ಲಿ ಮಾತ್ರ ಬಲ ಇಲ್ಲ, ಮಂಚ ಬಿಟ್ಟು ಏಳೋ ಅಭ್ಯಾಸ ಕಡಿಮೆ ಅನ್ಸುತ್ತೆ. ರಜೆ ಚೀಟಿ ಬೇಕಿತ್ತಾ?"

"ಇಲ್ಲ ಮೇಡಂ."

"ಹಾಗಾದ್ರೆ ನೋವು ನಿಜವಾಗಿ ಯಾರಿಗಿದೆಯೋ ಅವರನ್ನ ಕಳಿಸಿ. ಮೊಣಕಾಲನ್ನ ಇನ್ನೊಬ್ಬರ ಕೈಲಿ ಕೊಟ್ಟು ಕಳಿಸೋಕಾಗಲ್ಲ."

ಹೊರಗೆ ಬರುವಾಗ ಯಾವ ಕಾಲು ಕುಂಟಬೇಕೆಂದು ಮರೆತು, ಸುಮ್ಮನೆ ನಡೆದುಕೊಂಡು ಬಂದೆ.

ಮಾವ ಪೆಟ್ಟಿಗೆಗಳ ಮರೆಯಲ್ಲಿ ಕಾದಿದ್ದರು. "ನೋಡಿದ್ರಾ?"

"ನೋಡಿದ್ರು."

"ಮೊಣಕಾಲು ಮುಟ್ಟಿ ನೋಡಿದ್ರಾ?"

"ಮುಟ್ಟಿ, ಮಡಿಸಿ ನೋಡಿದ್ರು. ಏನೂ ಆಗಿಲ್ಲ ಅಂದ್ರು. ಆದ್ರೆ ಮಾವ, ಅದು ನನ್ನ…"

"ಏನೂ ಆಗಿಲ್ಲ ಅಂದ್ರಾ! ನಾನು ಹೇಳಲಿಲ್ವಾ? ಎಲ್ಲ ಈ ಕಂಪನಿಗಳ ಅಂಟು!"

"ಮಾವ, ಅವರು ನೋಡಿದ್ದು ನನ್ನ ಮೊಣಕಾಲು. ನೋವಿರೋರನ್ನೇ ಕಳಿಸಿ ಅಂತ…"

"ಲಕ್ಷಣ ಎಲ್ಲ ನಂದೇ ತಾನೇ ಹೇಳಿದ್ದು? ಅದನ್ನ ಕೇಳಿಯೂ ಏನೂ ಇಲ್ಲ ಅಂದ್ರಲ್ಲ. ಓದಿದೋರ ಮಾತಿಗೆ ಬೆಲೆ ಕೊಡೋದು ಕಲಿ."

ಗಿರಾಕಿ ಬೇಡ ಅಂದದ್ದು ಕೇಳಿಸದೆ, ನೋಡೋಣ ಅಂದದ್ದು ಮಾತ್ರ ಕೇಳಿಸುವ ಕಿವಿ ಅದು. ವೃತ್ತಿಯಿಂದ ಬಂದ ಕಿವಿ. ಆ ದಿನದಿಂದ ಮಾವ ಇನ್ನೂ ಜೋರಾಗಿ ಮಂಡಿಯೂರತೊಡಗಿದರು. ನೋವು ತಡೆಯದಾದಾಗ ಮೆಡಿಕಲ್ ಶಾಪಿನಿಂದ ಯಾರೋ ಹೇಳಿದ ಮಾತ್ರೆ ತಂದು ನುಂಗುವುದು, ಆಮೇಲೆ ಹೊಟ್ಟೆ ಉರಿಯುತ್ತಿದೆಯೆಂದು ಇನ್ನೊಂದು ಮಾತ್ರೆ ನುಂಗುವುದು.

ಭಾನುವಾರ ಅವರ ಮನೆಗೆ ಹೋದರೆ ಅತ್ತೆ ಕೆಳಗಿನ ಮೆಟ್ಟಿಲ ಬಳಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಮಾವ ಮೆಟ್ಟಿಲ ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯುತ್ತಿದ್ದರು.

"ನೋಡೋ ನಿನ್ನ ಮಾವನ್ನ, ಏಡಿ ಬಂಡೆಯಿಂದ ಇಳಿದ ಹಾಗೆ ಇಳೀತಿದಾರೆ. ಕೇಳಿದ್ರೆ ಡಾಕ್ಟ್ರು ಏನೂ ಇಲ್ಲ ಅಂದಿದಾರಂತೆ."

"ಅಂದಿದಾರೆ ಕಣೇ. ಮುಟ್ಟಿ, ಮಡಿಸಿ ನೋಡಿ ಅಂದಿದಾರೆ," ಎಂದರು ಮಾವ ಅರ್ಧ ಮೆಟ್ಟಿಲಲ್ಲಿ ನಿಂತು.

ನಾನು ಕೆಮ್ಮಿದೆ.

"ನಿಂಗ್ಯಾಕೋ ಕೆಮ್ಮು ಬಂತು ಈಗ?" ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. "ಮಾವ ಅಳಿಯ ಸೇರ್ಕೊಂಡು ಏನೋ ಕಿತಾಪತಿ ಮಾಡಿದೀರಿ. ಇರಲಿ, ಹೊರಗೆ ಬರುತ್ತೆ."

ಹೊರಗೆ ಬಂದದ್ದು ಸೀಸನ್ನಿನ ಜಾಗ ಹಂಚುವ ದಿನವೇ. ಅಂದು ಬೆಳಿಗ್ಗೆ ಯಜಮಾನರು, "ಸಂಜೆ ಹೇಳ್ತೀನಿ ಯಾರು ಎಲ್ಲಿ ಅಂತ" ಎಂದಿದ್ದರು. ಮಾವ ಮೀಸೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಬಂದಿದ್ದರು. ಮಧ್ಯಾಹ್ನ ಬಾಗಿಲು ತೆರೆಯಿತು. ಡಾಕ್ಟರಮ್ಮ ಒಳಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂತರು.

ನಾನು ಕನ್ನಡಿಯ ಹಿಂದೆ ಸರಿದೆ. ಕನ್ನಡಿಯ ಹಿಂದೆ ಅವಿತರೂ ಕೆಳಗೆ ಕಾಲು ಕಾಣುತ್ತದೆ ಎಂಬುದು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಹೊಳೆಯಬೇಕಿತ್ತು.

"ಬನ್ನಿ ಬನ್ನಿ. ಇವತ್ತು ಯಾವ ಕಾಲು?" ಎಂದರು ಡಾಕ್ಟರಮ್ಮ.

"ಇವತ್ತು ಎರಡೂ ಚೆನ್ನಾಗಿವೆ ಮೇಡಂ."

ಅಷ್ಟರಲ್ಲಿ ಮಾವ ಮಂಡಿಯೂರಿದ್ದರು. ಯಜಮಾನರು ಗಲ್ಲಾದಿಂದ ನೋಡುತ್ತಿದ್ದಾರೆಂದು ಎಂದಿಗಿಂತ ಠೀವಿಯಿಂದ, ಎಂದಿಗಿಂತ ಕೆಳಗೆ. ಮನೆಯಲ್ಲಿ ಹಾಕುವ ಸಾದಾ ಚಪ್ಪಲಿ ಸಾಕೆಂದರು ಡಾಕ್ಟರಮ್ಮ. ಮೊದಲ ಜೊತೆಯೇ ಸರಿಹೋಯಿತು. ಇನ್ನು ಏಳಬೇಕು. ಮಾವ ಏಳಲಿಲ್ಲ.

"ಮೇಡಂ, ಆಸ್ಪತ್ರೆಗೆ ಹಾಕೋಕೆ ಸಾಕ್ಸು?"

ಕೊಡಿ ಎಂದರು. ಒಳಹಾಸು? ಅದನ್ನೂ ಕೊಡಿ. ಮನೆಯವರ ಶೂಗೆ ಪಾಲಿಶು? ಆಯಿತು. ಬ್ರಷ್ಷು? ಸರಿ. ಮಾವನ ಹಣೆಯಲ್ಲಿ ಬೆವರು, ಮೀಸೆಯ ತುದಿಯಿಂದ ಕಪ್ಪು ಹನಿ. "ಲೇಸು ಮೇಡಂ? ಎರಡು ಜೊತೆ ಇಟ್ಕೊಂಡ್ರೆ ಒಳ್ಳೇದು."

"ನಾನು ತಗೊಂಡಿದ್ದು ಚಪ್ಪಲಿ. ಅದಕ್ಕೆ ಲೇಸೆಲ್ಲಿ?"

ಮಾರಲು ಇನ್ನೇನೂ ಉಳಿದಿರಲಿಲ್ಲ. ಮಾವ ನನ್ನ ಹೆಗಲಿಗೆ ಕೈ ಚಾಚಿದರು. ನಾನು ಕನ್ನಡಿಯ ಬಳಿ ಇದ್ದೆ. ಕೈ ಗಾಳಿಯಲ್ಲಿ ಹೆಗಲು ಹುಡುಕಿ, ಸಿಗದೆ, ಡಾಕ್ಟರಮ್ಮನ ಪಾದವನ್ನೇ ಗಟ್ಟಿಯಾಗಿ ಹಿಡಿಯಿತು. "ಅಮ್ಮಾ" ಎಂದರು ಮಾವ. ಅದು ಗಿರಾಕಿಯನ್ನು ಕರೆದದ್ದಲ್ಲ, ಹೆತ್ತವಳನ್ನು.

ಡಾಕ್ಟರಮ್ಮ ಕೆಳಗೆ ನೋಡಿದರು, ನನ್ನ ಕಡೆ ನೋಡಿದರು, ಮತ್ತೆ ಕೆಳಗೆ ನೋಡಿದರು.

"ಓಹೋ. ಅವತ್ತು ನೀವು ನನಗೆ ಹೇಳಿದ ಮೊಣಕಾಲು ಇದೇನಾ?"

ಆಮೇಲೆ ನಡೆದದ್ದನ್ನು ಅಂಗಡಿ ಹಿಂದೆಂದೂ ಕಂಡಿರಲಿಲ್ಲ. ನಾನೂ ಅವರೂ ಸೇರಿ ಮಾವನನ್ನು ಎತ್ತಿ ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಇಷ್ಟು ವರ್ಷ ಅದರ ಕಾಲುಗಳನ್ನಷ್ಟೇ ಹತ್ತಿರದಿಂದ ನೋಡಿದ್ದ ಮಾವ ಮೊದಲ ಸಲ ಅದರ ಮೇಲೆ ಕೂತರು, ಮುಳ್ಳಿನ ಮೇಲೆ ಕೂತವರ ಹಾಗೆ. ಡಾಕ್ಟರಮ್ಮ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಅವರ ಮುಂದೆ ಕೂತು ಪ್ಯಾಂಟು ಮಡಚಿದರು.

"ಮೇಡಂ, ಬೇಡ, ಬೇಡ," ಎಂದು ಮಾವ ಕಾಲು ಹಿಂದಕ್ಕೆಳೆದರು. ಜೀವಮಾನವಿಡೀ ಬೇರೆಯವರು ಹೀಗೆ ನಾಚಿದಾಗ "ಪರವಾಗಿಲ್ಲ ಕೊಡಿ ಸಾರ್" ಎಂದವರು.

"ಪರವಾಗಿಲ್ಲ, ಕೊಡಿ," ಎಂದರು ಡಾಕ್ಟರಮ್ಮ.

ಅವರು ಅಂಗೈ ಇಟ್ಟು ಮಡಿಸಿದಾಗ ಆ ಸದ್ದು ನನಗೂ ಕೇಳಿಸಿತು, ಮರಳಿನ ಮೇಲೆ ಬೂಟು ಎಳೆದಂತೆ. ಬಿಸಿ ಇಲ್ಲ, ಕೆಂಪಿಲ್ಲ, ಆದರೆ ಕೀಲಿನ ಅಂಚು ಗಂಟುಗಂಟಾಗಿ ದಪ್ಪವಾಗಿತ್ತು. ನನ್ನ ಬಾಯಿಪಾಠದ ಪ್ರಶ್ನೆಗಳನ್ನೇ ಮತ್ತೆ ಕೇಳಿದರು. ಉತ್ತರಗಳು ಬದಲಾಗಿರಲಿಲ್ಲ, ಮೊಣಕಾಲು ಮಾತ್ರ ಈಗ ಸರಿಯಾದದ್ದಾಗಿತ್ತು.

"ಆಸ್ಟಿಯೋ ಆರ್ಥ್ರೈಟಿಸ್. ಕೀಲು ಸವೆತ ಅಂತಾರೆ ಜನ. ಮೂಳೆ ತುದಿಗೆ ನುಣುಪಾದ ಹೊದಿಕೆ ಇರುತ್ತೆ, ಅದು ತೆಳುವಾಗಿದೆ. ಮೈ ತಾನೇ ರಿಪೇರಿ ಮಾಡೋಕೆ ಹೋಗಿ ಅಂಚಲ್ಲಿ ಮೂಳೆ ಬೆಳೆಸಿದೆ. ಎಷ್ಟು ವರ್ಷದಿಂದ ಹೀಗೆ ಮಂಡಿಯೂರ್ತಿದೀರಿ?"

"ನೆನಪಿಲ್ಲ ಮೇಡಂ."

"ಮೊಣಕಾಲಿಗೆ ನೆನಪಿದೆ."

"ಎಕ್ಸ್‌ರೇ?"

"ಬೇಕಾದ್ರೆ ತೆಗೆಸೋಣ. ಆದ್ರೆ ಇದನ್ನ ಹೇಳೋಕೆ ಅದು ಬೇಕೇಬೇಕು ಅಂತಿಲ್ಲ. ಫೋಟೋದಲ್ಲಿ ಘೋರವಾಗಿ ಕಾಣೋರು ಓಡಾಡ್ಕೊಂಡಿರ್ತಾರೆ, ಚೆನ್ನಾಗಿ ಕಾಣೋರು ನರಳ್ತಿರ್ತಾರೆ."

"ಒಂದು ಇಂಜೆಕ್ಷನ್ ಹಾಕಿ ಸರಿ ಮಾಡಿಬಿಡಿ ಮೇಡಂ. ಕೀಲಿಗೆ ಎಣ್ಣೆ ಬಿಟ್ಟ ಹಾಗೆ."

"ಬಾಗಿಲ ಕೀಲಲ್ಲ ಇದು. ಇಂಜೆಕ್ಷನ್ ಇದೆ, ಅದು ಕೆಲವು ವಾರದ ನೆಂಟ. ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ, ಹೇಳೋರು ಸಿಕ್ಕಿದ್ರೆ ನಂಬಬೇಡಿ. ನೋವು ಕಡಿಮೆ ಮಾಡ್ಕೊಂಡು ಕೆಲಸ ಮಾಡ್ಕೊಂಡಿರಬಹುದು. ತೊಡೆ ಗಟ್ಟಿ ಮಾಡಬೇಕು, ದಿನಾ ನಡೀಬೇಕು, ಹೊಟ್ಟೆ ಇಳಿಸಬೇಕು. ಮುಲಾಮು ಹಚ್ಚಿ. ಮಾತ್ರೆ ಕೇಳದೆ ನುಂಗಬೇಡಿ. ಏನು ಮಾಡಿದ್ರೂ ಆಗದೆ ಹೋದ್ರೆ ಆಮೇಲೆ ಆಪರೇಶನ್ ಮಾತು. ಮಂಡಿಯೂರೋದು ಮಾತ್ರ ಇವತ್ತಿಗೆ ಮುಗೀತು."

ಗಲ್ಲಾದ ಹಿಂದೆ ಕುರ್ಚಿಯ ಗಾಲಿ ಉರುಳಿದ ಸದ್ದು. ಯಜಮಾನರು ಬಂದು ನಿಂತಿದ್ದರು, ಮುಖದ ತುಂಬ ಅದೇ ಬೆಲ್ಟಿನವರಿಗೆ ತೋರಿಸಿದ್ದ ಕರುಣೆ.

"ಅಯ್ಯೋ ಅಂಕಲ್, ಮೊದಲೇ ಹೇಳ್ಬಾರ್ದಿತ್ತಾ? ಚಿಂತೆ ಬೇಡ. ನಾಳೆಯಿಂದ ಗೋಡೌನಲ್ಲಿ ಆರಾಮಾಗಿರಿ."

"ಯಾವ ಗೋಡೌನು, ಅದಾ?" ಡಾಕ್ಟರಮ್ಮ ಮರದ ಮೆಟ್ಟಿಲನ್ನು ನೋಡಿದರು. "ಅದಕ್ಕಿಂತ ಇಲ್ಲೇ ಸುತ್ತಿಗೆ ತಗೊಂಡು ಮೊಣಕಾಲಿಗೆ ಹೊಡೀರಿ, ಬೇಗ ಮುಗಿಯುತ್ತೆ."

ಯಜಮಾನರು ನಕ್ಕರು, ಗಿರಾಕಿಯಲ್ಲವೇ. ಆದರೆ ಅವರ ಕಣ್ಣಲ್ಲಿ ಲೆಕ್ಕಾಚಾರ ಮುಗಿದಿತ್ತು: ಮುಂದೆ ಆಗಲ್ಲ, ಮೇಲೆ ಆಗಲ್ಲ, ಹಾಗಾದರೆ ಮನೆ. ಮಾವನಿಗೂ ಅದು ಕಂಡಿತು. ಅವರ ಮುಖ ಒಂದು ಕ್ಷಣ ಖಾಲಿ ಪೆಟ್ಟಿಗೆಯಂತಾಯಿತು. ಆಮೇಲೆ ಅವರು ಆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು, ಗಿರಾಕಿಗಳು ಒರಗುವ ಹಾಗೆ.

"ಸಾರ್, ಡಾಕ್ಟ್ರಮ್ಮ ಏನು ತಗೊಳ್ಳೋಕೆ ಬಂದಿದ್ರು?"

"ಚಪ್ಪಲಿ."

"ಈಗ ಚೀಲದಲ್ಲಿ ಏನೇನಿದೆ ನೋಡಿ."

ಯಜಮಾನರು ಚೀಲದೊಳಗೆ ಇಣುಕಿದರು. ಡಾಕ್ಟರಮ್ಮನೂ ಇಣುಕಿ, ಮೊದಲ ಸಲ ನೋಡಿದವರಂತೆ ಬೆಚ್ಚಿದರು.

"ಅದೆಲ್ಲ ನಾನು ಮಾರಿದ್ದಲ್ಲ ಸಾರ್, ನನ್ನ ಮಂಡಿ ಮಾರಿದ್ದು. ಏಳೋಕೆ ಆಗ್ತಿರಲಿಲ್ಲ, ಅದಕ್ಕೆ ಕೂತ್ಕೊಂಡು ಮಾತಾಡ್ತಿದ್ದೆ. ಈ ವರ್ಷ ಸಾಕ್ಸು ಯಾಕೆ ಅಷ್ಟು ಹೋಯ್ತು ಅಂತೀರಿ? ನೋವಲ್ಲಿ ಇಷ್ಟು ಮಾರಿದ್ರೆ, ಮೇಲಿರೋ ಆ ಹಳೇ ಸ್ಟೂಲಿನ ಮೇಲೆ ಆರಾಮಾಗಿ ಕೂತು ಎಷ್ಟು ಮಾರಬಹುದು? ಗಿರಾಕಿಗೆ ಎದ್ದು ಹೋಗೋಕೇ ಮನಸ್ಸು ಬರಬಾರದು ಸಾರ್."

ಯಜಮಾನರು ಚೀಲದಲ್ಲಿದ್ದುದನ್ನು ಒಂದೊಂದಾಗಿ ಎಣಿಸಿದರು. ಕರುಣೆ ಮಾಡಲಾಗದ ಕೆಲಸವನ್ನು ಸಾಕ್ಸು ಮಾಡಿತು.

"ಸ್ಟೂಲು ಇಳಿಸಿ. ಎಲ್ಲರಿಗೂ," ಎಂದರು. ತಕ್ಷಣ ಏನೋ ನೆನಪಾಗಿ, "ಆದ್ರೆ ಗೋಡೌನಿಗೆ ಯಾರು?"

ಮಾವ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಅಕ್ಕರೆಯೇ ಇತ್ತು. ಅದೇ ನನ್ನ ಹೊಟ್ಟೆ ಉರಿಸುವುದು.

"ಇವನಿದಾನಲ್ಲ ಸಾರ್. ಇವನ ಮೊಣಕಾಲಿಗೆ ಏನೂ ಆಗಿಲ್ಲ ಅಂತ ಡಾಕ್ಟ್ರಮ್ಮನೇ ಮುಟ್ಟಿ, ಮಡಿಸಿ ನೋಡಿ ಹೇಳಿದಾರೆ. ಅಲ್ವಾ ಮೇಡಂ?"

"ಬೆಣ್ಣೆ ಹಾಗಿದೆ," ಎಂದರು ಡಾಕ್ಟರಮ್ಮ ಸಂತೋಷದಿಂದ. "ಮೆಟ್ಟಿಲು ಹತ್ತಿದ್ರೆ ತೊಡೆಗೂ ಬಲ ಬರುತ್ತೆ."

ಸಂಜೆ ಅತ್ತೆಗೆ ವಿಷಯ ಗೊತ್ತಾಯಿತು. ಮೊದಲು ಮಾವನಿಗೆ ಬೈದರು, ಆಮೇಲೆ ನನಗೆ, ಆಮೇಲೆ ಇಬ್ಬರನ್ನೂ ಸಾಲಾಗಿ ಕೂರಿಸಿ ಮತ್ತೊಮ್ಮೆ. "ಹೆಂಡತಿಗೆ ಸುಳ್ಳು ಹೇಳೋಕೆ ಅಳಿಯನ ಮಂಡಿ ಬಾಡಿಗೆಗೆ ತಗೊಂಡ್ರಾ? ನಾಳೆ ಹೊಟ್ಟೆ ನೋವು ಬಂದ್ರೆ ಇವನ ಹೊಟ್ಟೆ ಕೊಯ್ಸಿ ಬರ್ತೀರಾ?" ಎಂದರು. ಮಾರನೆಯ ದಿನದಿಂದ ಎರಡನೇ ಸಲ ಬಡಿಸುವುದು ನಿಂತಿತು. ಬೆಳಿಗ್ಗೆ ಮಾವನನ್ನು ಬಾಗಿಲಾಚೆ ತಳ್ಳಿ ಚಿಲಕ ಹಾಕುತ್ತಾರೆ, ಮೈದಾನ ಸುತ್ತಿ ಬಂದರೆ ಮಾತ್ರ ಬಾಗಿಲು ತೆಗೆಯುವುದು.

ಮಾವ ವ್ಯಾಯಾಮದಲ್ಲಿ ಮೊದಮೊದಲು ಮೋಸ ಮಾಡಿದರು. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹಿಡಿಯಬೇಕೆಂದರೆ, ಚಾಚಿ ಇನ್ನೊಂದು ಕುರ್ಚಿಯ ಮೇಲಿಟ್ಟು ಪೇಪರು ಓದುತ್ತಿದ್ದರು. ನೋವು ಹೋಗಲಿಲ್ಲವೆಂದು ಡಾಕ್ಟರಮ್ಮನಿಗೇ ದೂರು ಕೊಟ್ಟರು. "ತೊಡೆ ಮೇಲೆ ಕೈ ಇಟ್ಟರೆ ನಂಗೆ ಗೊತ್ತಾಗುತ್ತೆ, ಪೇಪರ್ ಓದಿರೋದು" ಎಂದರಂತೆ ಅವರು. ಅಲ್ಲಿಂದ ಸರಿಹೋದರು. ಈಗಲೂ ಗಿರಾಕಿ ತುಂಬಿದ ದಿನ ಸಂಜೆಗೆ ಮುಖ ಸೊಟ್ಟಗಾಗುತ್ತದೆ, ಎಡಗೈಯಲ್ಲಿ ಕೋಲು ಹಿಡಿಯುತ್ತಾರೆ. ನೋವು ಬಲಗಾಲಿಗಾದರೆ ಕೋಲು ಎಡಗೈಗೆ ಎಂದು ಕಲಿಸಿದವರು ಡಾಕ್ಟರಮ್ಮ. ಈಗ ಅದನ್ನು ಊರಿಗೆಲ್ಲ ಕಲಿಸುತ್ತಿರುವವರು ಮಾವ. ಆದರೂ ಏಡಿಯ ಹಾಗೆ ಇಳಿಯುವುದು ನಿಂತಿದೆ.

ಸ್ಟೂಲಿನ ಮೇಲೆ ಮಾವನನ್ನು ನೋಡಬೇಕು ನೀವು. ಸ್ಟೂಲು ತಮ್ಮದೇ ಶೋಧವೆಂಬಂತೆ ಕೂರುತ್ತಾರೆ. ಎದುರು ಸಾಲಿನ ಇನ್ನೊಂದು ಚಪ್ಪಲಿ ಅಂಗಡಿಯ ಹುಡುಗರು ಮಂಡಿಯೂರುವುದು ಗಾಜಿನಾಚೆ ಕಂಡರೆ, "ಅಯ್ಯೋ ಪಾಪ, ಯಾವ ಕಾಲದಲ್ಲಿದಾರೋ" ಎಂದು ನಿಟ್ಟುಸಿರು ಬಿಡುತ್ತಾರೆ. ಹಾಲು ಕರೆಯುವ ಗೇಲಿಯನ್ನು ಯಾರಾದರೂ ನೆನಪಿಸಿದರೆ, ಅದನ್ನು ಹೇಳಿದವನು ಯಾರೋ ತಿಳಿಗೇಡಿ ಇರಬೇಕು ಎನ್ನುತ್ತಾರೆ. ಯಜಮಾನರು ಗೋಡೆಗೆ ಹೊಸ ಫಲಕ ಹಾಕಿಸಿದ್ದಾರೆ: 'ಸಮಾಧಾನದ ಸೇವೆ'. ಯಾರ ಸಮಾಧಾನವೆಂದು ಬರೆಸಿಲ್ಲ.

ಇದೆಲ್ಲ ನನಗೆ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಗೋಡೌನಿನ ಬಾಗಿಲ ಸಂದಿಯಿಂದ ನೋಡಿದರೆ ಮಾವನ ಬೋಳು ನೆತ್ತಿ, ಸ್ಟೂಲಿನ ಅಡಿಯಿಂದ ಕದ್ದು ನೇರವಾಗಿ ಚಾಚಿ ಹಿಡಿದ ಬಲಗಾಲು. ಗಿರಾಕಿಯೊಂದಿಗೆ ಸಾಕ್ಸಿನ ಮಾತಾಡುತ್ತಲೇ ತೊಡೆ ಬಿಗಿ ಮಾಡುತ್ತಿರುತ್ತಾರೆ. ಆಮೇಲೆ ತಲೆ ಎತ್ತದೆ ಕೂಗುತ್ತಾರೆ:

"ಅಳಿಯಾ! ಎಂಟನೇ ನಂಬರು, ಕಂದು ಬಣ್ಣ! ಕಪ್ಪೂ ಒಂದು ತಾ, ಯಾವುದಕ್ಕೂ ಇರಲಿ! ಮೆಲ್ಲಗೆ ಬಾ, ಅವಸರ ಇಲ್ಲ, ನಾವಿಲ್ಲಿ ಪಾಲಿಶಿನ ವಿಷಯ ಮಾತಾಡ್ತಿದೀವಿ."

ನಾನು ಇಳಿಯುತ್ತೇನೆ. ಇಳಿಯುವುದು ನನಗೆ ಹುಟ್ಟಿನಿಂದ ಬಂದಿದೆ. ಈಗ ಹತ್ತುವುದೂ ಬರುತ್ತಿದೆ. ತೊಡೆಗೆ ಬಲ ಬಂದಿದೆಯೆಂದು ಹೇಳಲು ನನಗೆ ನಾಚಿಕೆ, ಡಾಕ್ಟರಮ್ಮನಿಗೆ ಗೊತ್ತಾದರೆ ಮಾವನಿಗೆ ಹೇಳಿಬಿಡುತ್ತಾರೆ, ಆಮೇಲೆ ಗೋಡೌನು ನನಗೆ ಕಾಯಂ.